ಪೈಲವಾನನ ಹೊಟ್ಟೆ, ನಜಮಾಳ ಸೀರೆ

ಕಳಕಪ್ಪ ನೇದ ಮೊದಲ ಸೀರೆ ನೆಲದ ಮೇಲೆ ತಾನಾಗಿಯೇ ನಿಂತಿತ್ತು. ಅವನ ಅವ್ವ ಬಾಳವ್ವ ಅದನ್ನು ಮಗ್ಗದಿಂದ ಬಿಚ್ಚಿ, ಮಡಿಚಿ, ಪಡಸಾಲೆಯಲ್ಲಿ ಅಂಚು ನೆಲಕ್ಕೆ ಊರಿ ಇಟ್ಟಳು. ಬಾಗಲಿಲ್ಲ, ಬೀಳಲಿಲ್ಲ, ಕಚೇರಿ ಬಾಗಿಲ ಸಿಪಾಯಿಯ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಅಪ್ಪ ಶಿವಸಂಗಪ್ಪ ಎರಡು ಬೆರಳಿನಿಂದ ತಟ್ಟಿ ನೋಡಿದ.

"ಇದು ಉಡೂ ಸೀರಿ ಅಲ್ಲೋ ತಮ್ಮಾ. ಇದಕ್ಕೊಂದು ಬಾಗಲಾ ಹಚ್ಚಿದ್ರ ಒಳಗ ಸಂಸಾರ ಮಾಡಬೌದು."

ಇಳಕಲ್ಲಿನಲ್ಲಿ ಮಗ್ಗ ಅಂದರೆ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗೆ ತುಳಿಯುತ್ತ, ಲಾಳಿಯನ್ನು ಈ ಕೈಯಿಂದ ಆ ಕೈಗೆ ಒಗೆಯಬೇಕು. ಎಳೆ ಹಾದಾಗೊಮ್ಮೆ ಹಣಿಗೆಯನ್ನು ತನ್ನ ಕಡೆ ಎಳೆದು ಬಡಿಯಬೇಕು. ಎಲ್ಲ ಇರುವುದು ಆ ಬಡಿತದಲ್ಲಿ. ಬಡಿತ ಸಡಿಲಾದರೆ ಸೀರೆ ಜಾಳು, ಜೋರಾದರೆ ಗೋಣಿತಟ್ಟು. ಕಳಕಪ್ಪನದು ಮಲೀಕಸಾಬ ವಸ್ತಾದರ ತಾಲೀಮಿನಲ್ಲಿ, ಅಂದರೆ ಕುಸ್ತಿಯ ಗರಡಿಯಲ್ಲಿ, ಬೆಳೆದ ತೋಳು. ಅದಕ್ಕೆ ಮೆಲ್ಲಗೆ ಬಡಿಯುವುದು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಶಿವಸಂಗಪ್ಪ ಅವತ್ತೇ ಮಗನನ್ನು ಕುಣಿಯಿಂದ ಎಬ್ಬಿಸಿ, ನೂಲು ಹೊರಲಿಕ್ಕೆ, ಬಣ್ಣದ ಹಂಡೆ ಎತ್ತಲಿಕ್ಕೆ ಹಚ್ಚಿದ. ಎತ್ತಿನ ಕೆಲಸಕ್ಕೆ ಎತ್ತು, ಮಗ್ಗಕ್ಕೆ ಮನುಷ್ಯ, ಅದು ಅವನ ಕಾಯಿದೆ.

ಆಗ ಕಳಕಪ್ಪನ ಮೈ ನೋಡಬೇಕಿತ್ತು. ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಸುರುವಾಯಿತು ಅಂತ ಹೇಳಲು ಬರುತ್ತಿರಲಿಲ್ಲ. ಕೆಂಪುಮಣ್ಣಿನಲ್ಲಿ ಉಜ್ಜಿ ಉಜ್ಜಿ ಎರಡೂ ಕಿವಿ ಮುರುಟಿ, ಒಣಗಿದ ಅಂಜೂರದ ಹಾಗೆ ಆಗಿದ್ದವು. ಕೋಳಿ ಕೂಗುವ ಮೊದಲೇ ಡಂಡ, ಬೈಠಕ್, ಮುದ್ಗರ ತಿರುವುವುದು, ಆಮೇಲೆ ಜೋಡಿ ಹಿಡಿದು ಹೊರಳಾಡುವುದು. ಮನೆಗೆ ಬಂದರೆ ರೊಟ್ಟಿಯ ಬುಟ್ಟಿಯನ್ನು ಅವನ ಎದುರಿಗೇ ಇಟ್ಟು ಬಾಳವ್ವ ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. ಬಡಿಸುತ್ತ ಕೂತರೆ ಅವಳ ಕೈ ಸೋಲುತ್ತಿತ್ತು. ಹಾಲು, ನೆನೆಸಿದ ಬಾದಾಮಿ, ಮೇಲೆ ಅಮೀನಗಡದಿಂದ ತರಿಸಿದ ಕರದಂಟು. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಮಾಡುವ ಈ ಕರದಂಟನ್ನು ಆಗ ತಿನ್ನುತ್ತಿದ್ದವರು ಎರಡೇ ಜಾತಿ: ಬಾಣಂತಿಯರು ಮತ್ತು ಪೈಲವಾನರು. ತಿಂದದ್ದೆಲ್ಲ ಮರುದಿನ ಬೆಳಿಗ್ಗೆ ಬೆವರಾಗಿ ತಾಲೀಮಿನ ಮಣ್ಣಿಗೆ ಇಳಿಯುತ್ತಿತ್ತು. ಬಾದಾಮಿಯಲ್ಲಿ ಚಮನಸಾಬ ಅಂತ ಒಬ್ಬ ಹೆಸರಾದ ಪೈಲವಾನನಿದ್ದ. ಅವನ ಬೆನ್ನು ನೆಲಕ್ಕೆ ಹಚ್ಚಿ ಬಂದ ದಿನ ಇಳಕಲ್ಲಿನ ಗೌಳ್ಯಾರು ಕಳಕಪ್ಪನಿಗೆ ಪುಕ್ಕಟೆ ಹಾಲು ಕುಡಿಸಿದ್ದರು.

ದಿಲ್ಲಿಯಲ್ಲಿ ಬಿಳಿ ಬಾದಶಹ ದರಬಾರು ಮಾಡಿಸಿಕೊಂಡ ವರ್ಷ ಶಿವಸಂಗಪ್ಪನಿಗೆ ಲಕವಾ ಹೊಡೆಯಿತು. ದರಬಾರಿಗೂ ಲಕವಾಕ್ಕೂ ಸಂಬಂಧವಿಲ್ಲ, ಎರಡೂ ಕೇಳದೆ ಬಂದವು ಅಷ್ಟೆ. ಬಲಗೈ ಬಿದ್ದುಹೋಯಿತು. ಮಗ್ಗ ನಿಂತರೆ ಒಲೆ ನಿಲ್ಲುವ ಮನೆ. ಕಳಕಪ್ಪ ವಸ್ತಾದರ ಕಾಲು ಮುಟ್ಟಿ, ಮುದ್ಗರವನ್ನು ಮನೆಗೆ ತಂದು ಮೂಲೆಗೆ ನಿಲ್ಲಿಸಿ, ಕುಣಿಗೆ ಇಳಿದ. ಬೆಳಕು ಹರಿದಾಗಿನಿಂದ ಬೆಳಕು ಹೋಗುವ ತನಕ ನೇಯುವವನಿಗೆ ತಾಲೀಮು ಎಲ್ಲಿಯದು?

ಮೊದಮೊದಲು ಮೈ ಖುಷಿಪಟ್ಟಿತು. ಮೊಣಕಾಲ ನೋವು ಹೋಯಿತು. ಹರಿದ ಹೆಬ್ಬೆರಳಿನ ಉಗುರು ವರ್ಷಗಟ್ಟಲೆ ಆದಮೇಲೆ ಪೂರ್ತಿ ಬೆಳೆಯಿತು. ಆಮೇಲೆ ಕೈಕಾಲಿಗೆ ಒಂಥರಾ ಚಡಪಡಿಕೆ ಹತ್ತಿತು. ಎದುರಿಗೆ ಬಂದವರ ಹೆಗಲ ಮೇಲೆ ಸುಮ್ಮನೆ ಕೈಹಾಕಿ ಭಾರ ಕೊಡುತ್ತಿದ್ದ, ಅವರು ಬೈಯುತ್ತಿದ್ದರು. ಅದೂ ಹೋಯಿತು. ಒಂದು ದಿನ ತೊಡೆ ಹಿಂಡಿ ನೋಡಿದ. ಮೊದಲು ಬೇವಿನ ಕೊರಡು ಇದ್ದದ್ದು ನಾದಿಟ್ಟ ಹಿಟ್ಟಾಗಿತ್ತು. ಹೆಗಲು ಒಳಗೊಳಗೇ ಸೋರಿಹೋಗಿ ಅಂಗಿ ಅಲ್ಲಿ ಜೋಲು ಬಿತ್ತು, ಅದೇ ಅಂಗಿ ಕೆಳಗೆ ಗುಂಡಿ ಹಾಕಲಿಕ್ಕೆ ಬಾರದಾಯಿತು. ನೀರಿನ ಎರಡು ಕೊಡ ಹೊತ್ತು ಕೆರೆಯ ಏರಿ ಹತ್ತಿದರೆ ಎದೆ ನಗಾರಿ ಬಾರಿಸುತ್ತಿತ್ತು. ನೇಯುವುದೂ ದುಡಿಮೆಯೇ, ಆದರೆ ತಾಲೀಮು ಇಡೀ ಮೈಯನ್ನು ಕೇಳುತ್ತಿತ್ತು, ಮಗ್ಗ ಬರೀ ಕೈಕಾಲನ್ನು ಕೇಳುತ್ತದೆ, ನಡುವಿನದು ಸುಮ್ಮನೆ ಕೂತು ನೋಡುತ್ತದೆ.

ಹೊಟ್ಟೆ ಒಂದೇ ಸಲ ಬರಲಿಲ್ಲ. ನೆಂಟರು ಬಂದ ಹಾಗೆ ಬಂತು: ಮೊದಲು ಒಬ್ಬ ಬಂದ, ಆಮೇಲೆ ಗಂಟುಮೂಟೆ ಬಂತು, ಕೊನೆಗೆ ಇಲ್ಲೇ ಇರುತ್ತೇವೆ ಅಂದರು. ಯಾಕೆಂದರೆ ಹಸಿವೆಗೆ ತಾಲೀಮು ಬಿಟ್ಟ ಸುದ್ದಿಯನ್ನು ಯಾರೂ ಮುಟ್ಟಿಸಿರಲಿಲ್ಲ. ರೊಟ್ಟಿಯ ಬುಟ್ಟಿ ಅದೇ, ಕರದಂಟೂ ಅದೇ.

ನೇದ ಸೀರೆ ಸುತ್ತಿಕೊಳ್ಳುವ ದಿಂಡು ನೇಕಾರನ ಹೊಟ್ಟೆಗೆ ಎದುರಾಗಿ ಇರುತ್ತದೆ. ಒಂದು ಮಧ್ಯಾಹ್ನ ಹೊಟ್ಟೆ ಹೋಗಿ ಅದಕ್ಕೆ ತಾಗಿತು. ಹೆಂಡತಿ ರತ್ನವ್ವ ಹುನಗುಂದದವಳು, ಪಕ್ಕದಲ್ಲಿ ಕೂತು ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ನೋಡಿದಳು, ಸೆರಗು ಬಾಯಿಗೆ ಹಿಡಿದಳು.

"ಏನ್ರಿ, ನಮ್ಮ ಮಗ್ಗಕ್ಕ ಈಗ ಎರಡು ದಿಂಡು ಆದುವಲ್ಲ."

"ನಗಬ್ಯಾಡ. ನೂಲು ಕಡೀತೈತಿ."

"ನೂಲು ಎಲ್ಲಿ ಕಡದೈತ್ರಿ, ನಿಮ್ಮ ಉಡದಾರ ಕಡದೈತಿ ನೋಡಕೋರಿ."

ಖರೆ, ಕಡಿದಿತ್ತು.

ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರು ಬಿಡುತ್ತಿರಲಿಲ್ಲ. "ಏನಲೇ ಕಳಕ್ಯಾ, ಎಷ್ಟು ತಿಂಗಳಾತು?" ಅನ್ನುತ್ತಿದ್ದರು. "ಹುಟ್ಟಿದ ಮ್ಯಾಲ ನಿನ್ನ ಹೆಸರs ಇಡ್ತೇನಿ ತಗೊ" ಅಂತ ಇವನೂ ಅನ್ನುತ್ತಿದ್ದ. ಮಾತಿಗೇನು ಕಡಿಮೆ ಇರಲಿಲ್ಲ. ಆದರೆ ತಾಲೀಮಿನ ಮುಂದೆ ಹಾಯುವ ದಾರಿ ಬಿಟ್ಟು, ಬಣಗಾರರ ಓಣಿ ಸುತ್ತುಹಾಕಿ ಹೋಗುತ್ತಿದ್ದ. ವಸ್ತಾದರ ಕಣ್ಣಿಗೆ ಈ ಮೈ ತೋರಿಸುವುದು ಅವನಿಂದ ಆಗುತ್ತಿರಲಿಲ್ಲ. ಮೈ ಕೆಟ್ಟವನಿಗೆ ಉಳಿದದ್ದು ಆ ಮುರುಟಿದ ಕಿವಿ ಎರಡು. ಅವನ್ನು ಯಾರೂ ಕಸಿಯಲಾರರು ಅಂತ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಇಷ್ಟರೊಳಗೆ ಇನ್ನೊಂದು ನಡೆದಿತ್ತು, ಅದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ. ತೋಳು ಇಳಿದ ಹಾಗೆ ಬಡಿತ ಇಳಿದಿತ್ತು. ತಟ್ಟಿನಂಥ ಸೀರೆ ಹೋಗಿ ಬಟ್ಟೆಯಂಥ ಸೀರೆ ಬರತೊಡಗಿತ್ತು, ಬಟ್ಟೆ ಹೋಗಿ ಈಗ ಉಟ್ಟರೆ ನೀರಿನ ಹಾಗೆ ಇಳಿಯುವ ಸೀರೆ ಬರುತ್ತಿತ್ತು. ಸೀರೆ ಒಯ್ಯುವ ಸಾಹುಕಾರ ತಪ್ಪು ಹುಡುಕುವುದನ್ನು ಬಿಟ್ಟಿದ್ದ. ಸಾಹುಕಾರರು ಹೊಗಳುವುದು ಆ ಕಾಲಕ್ಕೂ ಇರಲಿಲ್ಲ, ಬೈಯುವುದು ಬಿಟ್ಟರೆ ಅದೇ ಹೊಗಳಿಕೆ. ಶಿವಸಂಗಪ್ಪ ಹೊರಸಿನ ಮೇಲೆ ಮಲಗಿಕೊಂಡೇ ಎಡಗೈಯಿಂದ ಪ್ರತಿ ಸೀರೆಯನ್ನೂ ಸವರಿ ನೋಡಿ, ಏನೂ ಅನ್ನದೆ ಮಗ್ಗಲು ಬದಲಿಸುತ್ತಿದ್ದ.

ಹೀಗಿರುವಾಗ ವಸ್ತಾದರ ಹೆಂಡತಿ ಬಿಬಿಜಾನ ಮನೆಗೆ ಬಂದಳು. ಮಗಳು ನಜಮಾಳ ಮದುವೆ ಗೊತ್ತಾಗಿತ್ತು, ಬಾದಾಮಿಯ ಮಹಮ್ಮದ ಎಂಬ ಹುಡುಗನ ಜೊತೆ.

"ರತ್ನಿ, ಹುಡುಗಿ ಗಂಡನ ಮನಿಗೆ ಹೊಂಡೂವಾಗ ಉಡೂ ಸೀರಿ ನಿಮ್ಮ ಮಗ್ಗದ್ದs ಆಗಬೇಕವಾ. ನಿನ್ನ ಗಂಡ ನೇದದ್ದು ಉಟ್ಟರ ಮೈಮ್ಯಾಲ ಐತೋ ಇಲ್ಲೋ ಅನ್ನೂವಂಗ ಇರತೈತಿ ಅಂತ ಓಣಿತುಂಬ ಮಾತು." ಆಮೇಲೆ ಕುಣಿಯ ಕಡೆ ತಿರುಗಿದಳು. "ಕಳಕಪ್ಪಾ, ಹುಡುಗನ ಮಾಮಾ ಯಾರು ಗೊತ್ತೇನು? ಚಮನಸಾಬ. ದಿಬ್ಬಣದಾಗ ಬರತಾನಂತ. ಕಳಕಪ್ಪನ ಕೂಡ ಇನ್ನೊಂದು ಹಿಡಿತ ಹಿಡೀಬೇಕು ಅಂತ ಹೇಳಿ ಕಳಿಸ್ಯಾನ."

ಮೊದಲನೆಯ ಮಾತು ಕಳಕಪ್ಪನ ಮುರುಟಿದ ಕಿವಿಯೊಳಗೆ ಹೋಗಲೇ ಇಲ್ಲ. ಎರಡನೆಯದು ನೆಟ್ಟಗೆ ಹೋಗಿ ಎದೆಗೆ ಬಿತ್ತು.

"ನಾ ತಯಾರ ಅದೇನಿ ಅಂತ ಹೇಳ್ರಿ, ಚಾಚಿ."

ರತ್ನವ್ವ ಗಂಡನ ಹೊಟ್ಟೆಯನ್ನು ನೋಡಿದಳು, ಬಿಬಿಜಾನಳ ಮುಖ ನೋಡಿದಳು, ಎಲೆಅಡಿಕೆ ತರಲು ಎದ್ದಳು. ಅಡುಗೆಮನೆಯಿಂದ ಅವಳು ನಕ್ಕದ್ದು ಕೇಳಿಸಿತು.

ನಜಮಾಳ ಸೀರೆಗೆ ಹಾಸು ಹೂಡಿದರು, ಉದ್ದದ ಎಳೆಗಳನ್ನು ಮಗ್ಗಕ್ಕೆ ಏರಿಸಿದರು. ಕಡುನೀಲಿ ಒಡಲು, ದಾಳಿಂಬೆ ಕೆಂಪಿನ ಸೆರಗು. ಇಳಕಲ್ಲಿನ ಸೀರೆಯಲ್ಲಿ ಸೆರಗಿನ ಎಳೆಯೇ ಬೇರೆ, ಒಡಲಿನ ಎಳೆಯೇ ಬೇರೆ. ಎರಡನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸಬೇಕು. ರತ್ನವ್ವ, ಬಾಳವ್ವ ಕಣ್ಣು ಕಿರಿದು ಮಾಡಿಕೊಂಡು ಅದನ್ನೆಲ್ಲ ಮಾಡಿಕೊಟ್ಟರು. ಕಳಕಪ್ಪ ನೇಯತೊಡಗಿದ. ಕಸರತ್ತು ನಾಳೆಯಿಂದ ಅಂದುಕೊಂಡ, ಮರುದಿನವೂ ನಾಳೆಯಿಂದ ಅಂದುಕೊಂಡ. ಸೀರೆ ಅರ್ಧ ಆಯಿತು. ಮದುವೆ ಹತ್ತಿರ ಬಂದಿತ್ತು, ಹೊಟ್ಟೆ ಇದ್ದಲ್ಲೇ ಇತ್ತು.

ಹೆಂಗಸರು ಬೆಳಿಗ್ಗೆ ನೀರಿಗೆ ಹೋದ ಹೊತ್ತು ನೋಡಿ, ಮೂಲೆಯ ಮುದ್ಗರ ಎತ್ತಿಕೊಂಡು ಹಿತ್ತಲಿಗೆ ಹೋದ. ಮೊದಲ ಡಂಡಕ್ಕೆ ಮೂಗಿನ ಬದಲು ಹೊಟ್ಟೆ ನೆಲಕ್ಕೆ ಮುಟ್ಟಿತು. ಬೈಠಕ್ ಹೊಡೆದು ಎದ್ದರೆ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರ್ ಅಂದಿತು. ಮರುದಿನ ಕುಣಿಗೆ ಇಳಿಯುವಾಗ ತೊಡೆ ನಡುಗಿ ಬಿದ್ದೇಬಿಡುತ್ತಿದ್ದ. ಆದರೂ ಬಿಡಲಿಲ್ಲ. ತೋಳಿಗೆ ಹಳೆಯದೆಲ್ಲ ನೆನಪಿತ್ತು, ಬೇಗ ಬಿಗಿಯಿತು. ಹೊಟ್ಟೆಗೆ ಮಾತ್ರ ಏನೂ ನೆನಪಿರಲಿಲ್ಲ. ಹಿತ್ತಲಿನಿಂದ ಬಂದವನೇ ಮೈಕಾವು ಆರುವ ಮೊದಲೇ ಮಗ್ಗಕ್ಕೆ ಕೂಡುತ್ತಿದ್ದ. ಹಣಿಗೆ ಎಳೆದಾಗೊಮ್ಮೆ ಎದುರಿಗೆ ಚಮನಸಾಬನ ಕುತ್ತಿಗೆ ಕಾಣುತ್ತಿತ್ತು. ಎಳೆದು ಬಡಿಯುತ್ತಿದ್ದ. ಏನು ಸುಖ ಅದು. ಎಷ್ಟೋ ದಿನದ ಮೇಲೆ ಕಳಕಪ್ಪ ನೇಯುತ್ತ ಹಾಡಿಕೊಂಡ.

ಹಾಡು ಕೇಳಿಯೇ ರತ್ನವ್ವನಿಗೆ ಸಂಶಯ ಬಂದದ್ದು. ಗಂಡ ಊಟಕ್ಕೆ ಎದ್ದಾಗ ಮಗ್ಗಕ್ಕೆ ಬಗ್ಗಿ, ನೇದ ಸೀರೆಯ ಮೇಲೆ ಅಂಗೈ ಇಟ್ಟು ಸರಿಸಿಕೊಂಡು ಹೋದಳು. ದಿಂಡನ್ನು ಹಿಂದಕ್ಕೆ ತಿರುವಿ, ಇನ್ನಷ್ಟು ಬಿಚ್ಚಿ ಮತ್ತೆ ಸವರಿದಳು. ಒಂದು ಕಡೆ ಕೈ ನಿಂತಿತು.

"ಬರ್ರಿಲ್ಲೆ."

"ಉಣ್ಣಾಕತ್ತೇನಿ."

"ಉಣ್ಣೂದು ಎಲ್ಲಿ ಹೋಗತೈತಿ, ಬರ್ರಿ." ಬಂದ. ಅವನ ಕೈಹಿಡಿದು ಸೀರೆಯ ಮೇಲೆ ಇಟ್ಟಳು. "ಇಲ್ಲೀತನಕಾ ನನ್ನ ಗಂಡ ನೇದಾನ. ಇಲ್ಲಿಂದ ಆಚಿಗೆ ಯಾವನೋ ಪೈಲವಾನ ಬಂದು ಕುಂತಾನ. ಯಾರವ?"

ಕಳಕಪ್ಪನ ಬೆರಳಿಗೂ ಗೊತ್ತಾಯಿತು. ಈ ಕಡೆ ಎಮ್ಮೆಯ ಕಿವಿಯ ಹಾಗೆ ಮೆತ್ತಗೆ, ಆ ಕಡೆ ಅದೇ ಎಮ್ಮೆಯ ಕೊಂಬು. ಮುದ್ಗರ ಹಿತ್ತಲಿನಲ್ಲಿ ಬಿಸಿಲು ಕಾಯುತ್ತ ಬಿದ್ದದ್ದು ಅವಳಿಗೆ ಆಗಲೇ ಕಂಡಿತ್ತು.

"ಹೂಂ, ಒಂದೀಟು ಕಸರತ್ತು ಮಾಡಿದೆ. ವಸ್ತಾದರ ಹೆಸರು ಐತಿ, ಬಾದಾಮಿಯವರ ಮುಂದ ನಾ ಹೆಂಗ..."

"ವಸ್ತಾದರ ಮಗಳು ಇದನ್ನ ಉಟಗೊಂಡು ನಿರಿಗಿ ಹಾಕಿದ್ರ, ಅರ್ಧ ನಿರಿಗಿ ಕಾಲಿಗೆ ಕುಂತಾವು, ಅರ್ಧ ನಿರಿಗಿ ಛತ್ರಿಗತೆ ಬಿಚಗೊಂಡು ನಿಂತಾವು. ಬೀಗರು ಹುಡುಗೀನ ನೋಡ್ತಾರೋ, ನಿಮ್ಮ ಕುಸ್ತಿ ನೋಡ್ತಾರೋ? ಆ ಹುಡುಗಿ ಹೊಂಡೂ ದಿನ ಐತ್ರಿ ಅದು."

ಕಳಕಪ್ಪ ಸೀರೆಯ ಮೇಲಿನ ಕೈ ತೆಗೆದ. ನಜಮಾ ಅವನ ಹೆಗಲ ಮೇಲೆ ಕೂತು ತಾಲೀಮು ಸುತ್ತಿದ ಕೂಸು. ಹೊರಸಿನಿಂದ ಶಿವಸಂಗಪ್ಪ ಕೆಮ್ಮಿದ.

"ತಮ್ಮಾ, ಇಷ್ಟು ದಿನ ನಿನ್ನ ಸೀರಿ ಮುಟ್ಟಿ ನೋಡಿದೆ. ಏನಾರ ಅಂದೆನೇನು?"

"ಇಲ್ಲಪಾ."

"ಯಾಕ ಅನ್ನಲಿಲ್ಲ? ಅನ್ನಾಕ ಜಾಗಾ ಇರಲಿಲ್ಲ. ನನ್ನ ಕೈ ಇದ್ದಾಗೂ ಇಂಥಾ ಬಡಿತ ನನಗ ಬಂದಿರಲಿಲ್ಲ." ಮುದುಕ ಉಸಿರು ತೆಗೆದುಕೊಂಡ. "ನಿನ್ನ ಮೈ ಹೋತು ಅಂತ ಊರೆಲ್ಲ ಅಂತು. ಹೋಗಿ ಎಲ್ಲಿ ಬಂತು ಅಂತ ನೀನs ನೋಡಲಿಲ್ಲ. ಈಗ ನಿನಗೇನು ಬೇಕೋ ಅದನ್ನ ಮಾಡು. ಎರಡೂ ಮಾಡತೇನಿ ಅಂದ್ರ ಮಾತ್ರ ಆ ಮುದ್ಗರದಿಂದ ಮಗ್ಗಾ ಮುರದು ಒಲಿಗೆ ಹಾಕು, ರೊಟ್ಟಿಯಾದ್ರೂ ಬೇಯ್ತಾವು."

ಕಳಕಪ್ಪ ಬಹಳ ಹೊತ್ತು ಸೀರೆಯ ಮೇಲೆ ಕೈಯಾಡಿಸುತ್ತ ನಿಂತ. ಈ ಕೊನೆ, ಆ ಕೊನೆ. ಆ ಮೆತ್ತನೆಯದು ತನ್ನ ಕೈಯದು ಅಂತ ಅವತ್ತೇ ಅವನಿಗೆ ಮೊದಲ ಸಲ ತಿಳಿದದ್ದು. ಕುಣಿಗೆ ಇಳಿದು ಕತ್ತರಿ ಕೇಳಿದ. ಬಿಗಿಯಾಗಿ ನೇದ ಅಡ್ಡ ಎಳೆಗಳನ್ನೆಲ್ಲ ಕತ್ತರಿಸಿ, ಒಂದೊಂದೇ ಹಿರಿದು ತೆಗೆಯಬೇಕು. ಉದ್ದದ ಎಳೆ ಒಂದೂ ಕಡಿಯಬಾರದು. ಇಷ್ಟು ಗಟ್ಟಿ ಬಡಿದದ್ದು ಸುಲಭಕ್ಕೆ ಬರುತ್ತದೆಯೇ? ಬಾಳವ್ವನೂ ಬಂದು ಕೂತಳು. ಮೂವರೂ ಹಿರಿದರು.

"ಚಮನಸಾಬನ್ನ ಎಷ್ಟು ಬಿಗಿ ಹಿಡದೀಯೋ, ಬಿಡವಲ್ಲ ನೋಡು" ಅಂದಳು ಬಾಳವ್ವ. ಕಳಕಪ್ಪನಿಗೆ ನಗು ತಡೆಯಲಿಲ್ಲ. ಹೊಟ್ಟೆ ಕುಣಿದು ದಿಂಡು ಅಲುಗಿತು, ರತ್ನವ್ವನ ಕೈಯ ಎಳೆ ತಪ್ಪಿತು, ಮೂವರೂ ಬೈಯ್ದಾಡಿಕೊಂಡು ನಕ್ಕರು.

ಮರುದಿನ ಸುತ್ತುದಾರಿ ಬಿಟ್ಟು ನೆಟ್ಟಗೆ ತಾಲೀಮಿನ ಮುಂದೆಯೇ ಹೋದ. ಮಲೀಕಸಾಬ ವಸ್ತಾದ ಬಾಗಿಲಲ್ಲಿ ಕೂತು ಗಡ್ಡ ಬಾಚಿಕೊಳ್ಳುತ್ತಿದ್ದರು.

"ವಸ್ತಾದರ, ಸೀರಿ ಆಗತೈತ್ರಿ. ಕುಸ್ತಿ ನನ್ನಿಂದ ಆಗೂದಿಲ್ಲ."

ಅವರು ಶಿಷ್ಯನನ್ನು ಮೇಲಿನಿಂದ ಕೆಳಗೆ ನೋಡಿದರು, ನಡುವೆ ಸ್ವಲ್ಪ ಹೆಚ್ಚು ಹೊತ್ತು ನಿಂತರು. ಆಮೇಲೆ ತಮ್ಮ ಅಂಗಿ ಎತ್ತಿ ತೋರಿಸಿದರು. ಹಿಂದೆ ಕಲ್ಲು ಕಡೆದ ಹಾಗಿದ್ದ ಎದೆ ಈಗ ಎರಡು ಖಾಲಿ ಚೀಲವಾಗಿ ಜೋತುಬಿದ್ದಿತ್ತು.

"ನಾ ಮಣ್ಣಿಗೆ ಇಳಿದು ಎಷ್ಟು ವರ್ಷಾತು ಗೊತ್ತೇನಲೇ? ಹುಡುಗರಿಗೆ ಬಾಯೀಲೆ ಹೇಳ್ತೇನಿ, ಅವರು ನಾ ಈಗೂ ಮಾಡತೇನಿ ಅಂತ ತಿಳದಾರ. ಈ ಮಾರಿ ತೋರಸಾಕ ನಾಚಿ ಇಷ್ಟು ದಿನ ಬಣಗಾರರ ಓಣಿ ಸುತ್ತಿದೆಯಲ್ಲ, ಹುಚ್ಚ. ಹೋಗು, ಸೀರಿ ಮುಗಸು. ಚಮನಸಾಬಗ ಮಾತ್ರ ನೀನs ಹೇಳಬೇಕು. ನಾ ಹೇಳೂದಿಲ್ಲ."

ಸೀರೆ ಮದುವೆಗೆ ಸರಿಯಾಗಿ ಮುಗಿಯಿತು. ದಿಬ್ಬಣದ ಬಂಡಿಗಳು ಬಂದವು. ಕಳಕಪ್ಪ ಹೇಳಬೇಕಾದ ಮಾತನ್ನು ಬಾಯಲ್ಲೇ ಹೊರಳಿಸುತ್ತ ನಿಂತಿದ್ದ. ಹಿಂದಿನ ಬಂಡಿಯ ಎತ್ತುಗಳು ಒಮ್ಮೆಲೆ ಹಗುರಾದ ಹಾಗೆ ತಲೆ ಎತ್ತಿದವು. ಬಂಡಿಯಿಂದ ಒಬ್ಬ ಮನುಷ್ಯ ಅಡ್ಡಡ್ಡ ಇಳಿಯುತ್ತಿದ್ದ. ಮೊದಲು ಹೊಟ್ಟೆ ಇಳಿಯಿತು, ಬಹಳ ಹೊತ್ತಾದ ಮೇಲೆ ಚಮನಸಾಬ ಇಳಿದ. ಕಿವಿ ಮಾತ್ರ ಅವೇ, ಮುರುಟಿದ ಅಂಜೂರ. ಇಬ್ಬರೂ ಒಬ್ಬರ ಹೊಟ್ಟೆ ಒಬ್ಬರು ನೋಡುತ್ತ ನಿಂತರು.

"ನಾ ಕಸರತ್ತು ಬಿಟ್ಟು ಭಾಳ ದಿನಾ ಆತೋ ಕಳಕಪ್ಪ" ಅಂದ ಚಮನಸಾಬ. "ಕಲ್ಲಿನ ಗುತ್ತಿಗಿ ಹಿಡದೆ. ಕುಂತು ಕುಂತು ಹಿಂಗ. ನೀ ಇನ್ನೂ ಹುಲಿ ಆಗಿದ್ದೀ ಅಂತ ತಿಳದು ಹೆದರಕೋತs ಬಂದೇನಿ."

"ಮತ್ತ ಹಿಡಿತ ಹಿಡೀಬೇಕು ಅಂತ ಹೇಳಿ ಕಳಿಸಿದ್ದಿ?"

"ನೀ ಆಗೂದಿಲ್ಲ ಅಂತೀ ಅಂತ ತಿಳದಿದ್ದೆ. ನೀ ತಯಾರ ಅದೇನಿ ಅಂದ್ರ ನಾ ಏನು ಮಾಡ್ಲಿ?"

ಊರವರು ಬಿಡುತ್ತಾರೆಯೇ? ಊಟ ಕರಗಲಿ ಅಂತ ಇಬ್ಬರನ್ನೂ ತಾಲೀಮಿನ ಕೆಂಪುಮಣ್ಣಿಗೆ ದಬ್ಬಿದರು. ಇಬ್ಬರೂ ತೊಡೆ ತಟ್ಟಿದರು. ಹಿಟ್ಟಿನ ಮೇಲೆ ಹೊಡೆದ ಸಪ್ಪಳ ಬಂತು. ಕೈಗೆ ಕೈ ಹತ್ತಿದ ಕೂಡಲೇ, ಮೈ ಮರೆತರೂ ಬೆರಳು ಮರೆತಿರಲಿಲ್ಲ, ಹಳೇ ಹಿಡಿತಗಳೆಲ್ಲ ತಾವೇ ಬಂದವು. ಆದರೆ ಹೊಟ್ಟೆಗೆ ಹೊಟ್ಟೆ ಅಡ್ಡ ನಿಂತು, ಒಬ್ಬನ ಕೈ ಇನ್ನೊಬ್ಬನ ಬೆನ್ನು ಮುಟ್ಟುತ್ತಿರಲಿಲ್ಲ. ಸುತ್ತಿದರು, ಏದಿದರು, ಇಬ್ಬರೂ ಕೂಡಿಯೇ ಉರುಳಿದರು. ಯಾರು ಮೇಲೆ ಯಾರು ಕೆಳಗೆ ಅಂತ ವಸ್ತಾದರು ಬಗ್ಗಿ ನೋಡಿದರು, ತಿಳಿಯಲಿಲ್ಲ. ಏಳಲಿಕ್ಕೆ ಇಬ್ಬರಿಗೂ ಆಗಲಿಲ್ಲ. ಬಿದ್ದಲ್ಲೇ ನಗಲಿಕ್ಕೆ ಹತ್ತಿದರು. ನಕ್ಕಷ್ಟೂ ಏಳುವುದು ದೂರವಾಯಿತು. ಕೊನೆಗೆ ಊರೇ ಎಳೆದು ಎಬ್ಬಿಸಿತು.

ಮೈಗೆ ಅಂಟಿದ ಕೆಂಪುಮಣ್ಣು ಹಾಗೇ ಇಟ್ಟುಕೊಂಡು ಇಬ್ಬರೂ ಬಾಗಿಲ ಬಳಿ ಬಂದರು. ನಜಮಾ ಹೊರಗೆ ಬಂದಳು. ಕಡುನೀಲಿ ಸೀರೆ ಅವಳ ಹೆಜ್ಜೆಯ ಜೊತೆ ಹೋಯಿತು, ಹೆಜ್ಜೆಯ ಜೊತೆ ನಿಂತಿತು, ನಿರಿಗೆ ಒಂದೊಂದೂ ಕಾಲಿಗೆ ಕೂತಿತು. ರತ್ನವ್ವ ಜನರ ನಡುವೆ ನುಗ್ಗಿ ಹೋಗಿ ಸೀರೆಯ ಒಂದು ಮೂಲೆ ಹಿಡಿದು ಸವರಿ, ಗಂಡನ ಕಡೆ ನೋಡಿ ಗೋಣು ಹಾಕಿದಳು. ಕಳಕಪ್ಪ ಆ ಹೊತ್ತು ಯಾಕೋ ಕಿವಿ ಮುಟ್ಟಿಕೊಳ್ಳಲಿಲ್ಲ, ತನ್ನ ಬೆರಳುಗಳನ್ನು ನೋಡಿಕೊಂಡ.

ಮುಂದೆ ಅವನು ಮುದ್ಗರ ಮುಟ್ಟಲೇ ಇಲ್ಲ ಅಂತಲ್ಲ. ಮಗ್ಗದಿಂದ ಎದ್ದಮೇಲೆ ಸಂಜೆ ತಿರುವಬೇಕು, ಬೆಳಿಗ್ಗೆ ಹಣಿಗೆಗೆ ಕೈಹಚ್ಚುವ ಮೊದಲು ಮುಟ್ಟಕೂಡದು ಅಂತ ರತ್ನವ್ವ ಕಾಯಿದೆ ಮಾಡಿದಳು. ಮೊಣಕಾಲು ಸುಮ್ಮನಾಯಿತು, ಕೆರೆಯ ಏರಿ ಹತ್ತಿದರೆ ನಗಾರಿ ನಿಂತಿತು. ಹೊಟ್ಟೆ ಒಂದಿಷ್ಟು ಇಳಿಯಿತು, ಪೂರ್ತಿ ಇಳಿಯಲಿಲ್ಲ. ಕರದಂಟು ಬಿಟ್ಟಿದ್ದರೆ ಇಳಿಯುತ್ತಿತ್ತು.

ಅವತ್ತು ಬಂಡಿ ಹತ್ತುವ ಮೊದಲು ಚಮನಸಾಬ ನಜಮಾಳ ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಇದನ್ನ ನೇದಾವ ನೀನs? ಹಂಗಾರ ನನಗೂ ಒಂದು ನಡಕಟ್ಟು ನೇದು ಕಳಸು. ಹೊಟ್ಟಿ ಸುತ್ತಿ ಗಂಟು ಬೀಳೂವಂಥಾದ್ದು."

ಕಳಕಪ್ಪ ಅವನ ನಡುವನ್ನು ಈ ಕಡೆಯಿಂದ ಆ ಕಡೆಯ ತನಕ ಕಣ್ಣಿನಿಂದಲೇ ಅಳೆದ.

"ಅಷ್ಟು ಉದ್ದದ ಹಾಸು ಇಳಕಲ್ಲಿನಾಗ ಯಾರೂ ಹೂಡಿಲ್ಲಪಾ."